ಎರಡನೆಯ ಡಬ್ಬಿ

ರಾಮದುರ್ಗ
೧೭ ಆಗಸ್ಟ್ ೨೦೨೫

ಪ್ರೀತಿಯ ಪರಶು ಅವರಿಗೆ,

ನಿಮ್ಮ ಪ್ರಜ್ಞಾಳ ಜೈಭೀಮ್. ಆ ದೂರದ ಊರಿನಲ್ಲಿ ಬಿಸಿಲಲ್ಲಿ ದುಡಿದು ಬಂದಿದ್ದ ತಲೆನೋವು ಇಳಿಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ? ಇಲ್ಲಿ ನಾನು, ನಿಮ್ಮ ಅವ್ವ, ಹೊಟ್ಟೆಯೊಳಗಿನ ಕೂಸು ಎಲ್ಲರೂ ಆರಾಮ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ನಿಮ್ಮ ರೂಮಿನಲ್ಲಿ ಆರು ಜನ ಇರುತ್ತೀರಿ, ಇದು ಎಲ್ಲರೂ ಕೇಳುವ ಮಾತಲ್ಲ.

ಹೋದ ತಿಂಗಳು, ಬಸಿರಿಗೆ ಐದು ತಿಂಗಳು ತುಂಬುತ್ತ ಬಂದರೂ, ಕಬ್ಬಿಣದ ಗುಳಿಗೆ ನುಂಗಿದರೂ ನನ್ನ ರಕ್ತದ ಹಿಮೋಗ್ಲೋಬಿನ್ ಎಂಟರ ಮೇಲೆ ಏರಲಿಲ್ಲ. ಡಾಕ್ಟರಬಾಯಿ ಸಂಡಾಸ ಪರೀಕ್ಷೆಗೆ, ಅಂದರೆ ಮಲದ ಪರೀಕ್ಷೆಗೆ, ಚೀಟಿ ಬರೆದರು. ಲ್ಯಾಬಿನಲ್ಲಿ ಡಬ್ಬಿ ಕೊಟ್ಟವನು ಯಾರು ಗೊತ್ತೇ? ಕಾಲೇಜಿನಲ್ಲಿ ನನ್ನ ಜೊತೆ ಓದಿದ ಗೌತಮ! ನಾಚಿಕೆಯಲ್ಲಿ ಅವನು ಹೇಳಿದ್ದೊಂದೂ ತಲೆಗೆ ಹೋಗಲಿಲ್ಲ. ಗುಳಿಗೆಯಿಂದ ಹೊಟ್ಟೆಯೂ ಕಟ್ಟಿತ್ತು. ಎರಡು ದಿನ ಡಬ್ಬಿ ಖಾಲಿ. ಮೂರನೇ ದಿನ ಅತ್ತೆ, "ನಂದ ಒಯ್ಯವಾ, ಇಬ್ಬರೂ ಉಣ್ಣೂದು ಒಂದ ಅಡಗಿ" ಎಂದರು. ಒಯ್ದೆ.

ಗೌತಮ ಮುಚ್ಚಳ ತೆಗೆದು ನೋಡಿ ದನಿ ತಗ್ಗಿಸಿದ: "ಕಬ್ಬಿಣದ ಗುಳಿಗಿ ತಗೊಳ್ಳೋರದು ಕಪ್ಪಗ ಇರತೈತಿ. ಇದು ನಿಂದ ಏನ?" ಕಣ್ಣಲ್ಲಿ ನೀರು ಬಂತು, ನಿಜ ಹೇಳಿಬಿಟ್ಟೆ. ಅವನು ನಗಲಿಲ್ಲ. "ನಾಚಿಕಿ ಬಿಡು. ಕೂಸಿಗೆ ತಪ್ಪು ಔಷಧ ಮುಟ್ಟಬಾರದಲ್ಲ?" ಎಂದು ಅದನ್ನು ಅತ್ತೆಯ ಹೆಸರಿನಲ್ಲಿಟ್ಟುಕೊಂಡು ನನಗೆ ಹೊಸ ಡಬ್ಬಿ ಕೊಟ್ಟ. ಮೊದಲು ಮೂತ್ರ ಮಾಡಿ ಮುಗಿಸಬೇಕು, ಆಮೇಲೆ ಒಣ ಪ್ಲಾಸ್ಟಿಕ್ ಹಾಸಿ, ನೀರು ತಾಗದಂತೆ ಡಬ್ಬಿಯ ಚಮಚದಿಂದ ಚೂರು ತೆಗೆದು, ಬಿಗಿಯಾಗಿ ಮುಚ್ಚಿ ತಾಸಿನೊಳಗೆ ತರಬೇಕು. ಕೈ ಸೋಪಿನಿಂದ ತೊಳೆಯಬೇಕು. ಡಾಕ್ಟರರನ್ನು ಕೇಳದೆ ಜುಲಾಬಿನ ಔಷಧ ಮಾತ್ರ ಮುಟ್ಟಬಾರದು. ಈ ಸಲ ಎಲ್ಲ ಕಿವಿಗೊಟ್ಟು ಕೇಳಿದೆ.

ಮರುದಿನ ಬೆಳಿಗ್ಗೆ ಅತ್ತೆ ಬಾಗಿಲ ಹೊರಗೆ ನಿಂತು, "ಅವಸರ ಮಾಡಬ್ಯಾಡವಾ, ಆಟೋದಾವ ನಿಂತಾನ" ಎನ್ನುತ್ತಲೇ ಇದ್ದರು. ಒಳಗೆ ಕುಳಿತು ನಕ್ಕುಬಿಟ್ಟೆ. ಅಷ್ಟಕ್ಕೇ ಕೆಲಸವಾಯಿತು!

ಇಬ್ಬರದರಲ್ಲೂ ಕೊಕ್ಕೆಹುಳದ ತತ್ತಿಗಳು ಸಿಕ್ಕವು. ಅವು ರಕ್ತ ಹೀರುತ್ತವಂತೆ. ಹಿತ್ತಲಲ್ಲಿ ಬರಿಗಾಲಿನಲ್ಲಿ ಓಡಾಡಿದ್ದರಿಂದ ಹೊಕ್ಕಿರಬಹುದು ಎಂದರು ಡಾಕ್ಟರಬಾಯಿ. ಬಸಿರಿಗೆ ಮೂರು ತಿಂಗಳು ದಾಟಿದೆ, ಭಯವಿಲ್ಲ ಎಂದು ನನಗೂ ಹುಳದ ಗುಳಿಗೆ ಕೊಟ್ಟರು. ಅದಾಗಿ ತಿಂಗಳಾಯಿತು. ಮೊನ್ನೆ ನನ್ನ ರಕ್ತ ಒಂಬತ್ತೂವರೆ! ವಯಸ್ಸಿನ ದಣಿವೆಂದು ಗೋಡೆ ಹಿಡಿದು ನಡೆಯುತ್ತಿದ್ದ ಅತ್ತೆ ಈಗ ಸಂತೆಗೆ ನನಗಿಂತ ಮುಂದೆ ಹೋಗುತ್ತಾರೆ. ಕೂಸೂ ಒದೆಯುವುದು ಜೋರಾಗಿದೆ.

ನಿಮ್ಮ ಜೊತೆಗಾರರಿಗೆ ನಮಸ್ಕಾರ ತಿಳಿಸಿ. ಬಿಸಿಲಲ್ಲಿ ತಲೆಗೆ ಟವೆಲ್ ಸುತ್ತಿಕೊಳ್ಳಿ.

ನಿಮ್ಮ
ಪ್ರಜ್ಞಾ

ತಾ.ಕ.: ಬಾಣಂತನಕ್ಕೆ ಮುರಗೋಡಕ್ಕೆ, ತವರಿಗೇ ಹೋಗುತ್ತೇನೆಂದು ನಿಮ್ಮೊಡನೆ ಜಗಳವಾಡಿದ್ದೆನಲ್ಲ, ಹೋಗುವುದಿಲ್ಲ. ನಮ್ಮವ್ವನಿಗೆ ಹೇಳಿಯಾಯಿತು. ಅತ್ತೆಯ ಹತ್ತಿರವೇ ಇರುತ್ತೇನೆ. ಅವರಿಗಿನ್ನೂ ಗೊತ್ತಿಲ್ಲ, ಕಾಗದ ಮುಟ್ಟಿದ ದಿನವೇ ಫೋನು ಮಾಡಿ ನೀವೇ ಹೇಳಿ.