ಗೋಡೆಯ ದನಿ ಉತ್ತರ ಕೊಟ್ಟಿತು

ಗುರುವಾರ, ಮಾರ್ಚ್ 14

ಆ ಹುಡುಗಿಯ ಮುಖ ಕಣ್ಣೆದುರಿನಿಂದ ಸರಿಯುತ್ತಿಲ್ಲ.

ಆ ಜಗಳಗಂಟನನ್ನು ನಮ್ಮ ಟಿವಿ ರಿಯಾಲಿಟಿ ಶೋಗೆ ಆರಿಸಿದ್ದೇ ಸಂದರ್ಶನದಲ್ಲಿ ಕುರ್ಚಿ ಒದ್ದನೆಂದು. ‘ಇಂಥವನೇ ಬೇಕು’ ಎಂದು ನಿರ್ದೇಶಕರು ಕುಣಿದಾಡಿದ್ದರು. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆದ ಹಾಗೆ.

ಇಂದು ಸ್ಪರ್ಧಿಗಳಿರುವ ಶೋ ಮನೆಯ ಅಡುಗೆಕೋಣೆಯಲ್ಲಿ ಅವನು ಆ ಹುಡುಗಿಯ ಕೈ ತಿರುಚಿದ. ಅವಳು ಮೂಲೆಗೆ ಹೋಗಿ ಕೊರಳಿನ ಮೈಕಿಗೆ ಪಿಸುಗುಟ್ಟಿದಳು: ‘ಗೋಡೆ ಹಿಂದಿರೋ ಅಣ್ಣಾ, ಕೇಳಿಸ್ತಿದೆಯಾ? ನಂಗೆ ಭಯ ಆಗ್ತಿದೆ.’

ಗೋಡೆಯ ಹಿಂದಿನ ಕೋಣೆಯಲ್ಲಿ ಕೂತು ಸ್ಪೀಕರಿನಲ್ಲಿ ಸ್ಪರ್ಧಿಗಳಿಗೆ ಆಜ್ಞೆ ಕೊಡುವ ದನಿ ನನ್ನದು. ಬರೆದುಕೊಟ್ಟದ್ದನ್ನಷ್ಟೇ ಓದಬೇಕು, ಅದೇ ನಿಯಮ.

‘ಅವನನ್ನ ಭಾನುವಾರ ಶೋಯಿಂದ ಹೊರಗೆ ಕಳಿಸೋಣ. ಅಲ್ಲೀವರೆಗೂ ಜನ ನೋಡ್ಲಿ ಬಿಡಿ,’ ಎಂದರು ನಿರ್ದೇಶಕರು.

ನನ್ನ ಮುಂದಿನ ಹಾಳೆಯಲ್ಲಿ ಇಬ್ಬರೂ ಸೇರಿ ಪಾತ್ರೆ ತೊಳೆಯಬೇಕೆಂಬ ಆಜ್ಞೆಯಿತ್ತು. ಅದನ್ನು ಓದದೆ ಮೈಕಿನ ಗುಂಡಿ ಒತ್ತಿ, ‘ಕೇಳಿಸಿತಮ್ಮಾ’ ಎಂದುಬಿಟ್ಟೆ.

ಅವಳು ತಲೆಯೆತ್ತಿ ಗೋಡೆಯ ಸ್ಪೀಕರನ್ನೇ ನೋಡಿದಳು. ಆಮೇಲೆ ಬಿಕ್ಕಿ ಬಿಕ್ಕಿ ಅತ್ತಳು.

‘ನಿಯಮ ಅಂದ್ರೆ ನಿಯಮ. ನೀವಿನ್ನು ಹೊರಡಿ,’ ಎಂದರು ನಿರ್ದೇಶಕರು. ನನ್ನ ವಿಷಯದಲ್ಲಿ ಭಾನುವಾರದವರೆಗೆ ಕಾಯಲಿಲ್ಲ.

ಎಲ್ಲ ಕೇಳಿದ ಹೆಂಡತಿ, ‘ಹೋಗ್ಲಿ ಬಿಡಿ. ಇನ್ನಾದ್ರೂ ನಿಮ್ಮ ಸ್ವಂತ ಮಾತಾಡಿ,’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಸ್ವಂತದ್ದೆಂದು ಇದ್ದ ಒಂದು ಮಾತನ್ನು ಅಲ್ಲೇ ಆಡಿ ಬಂದಿದ್ದೇನೆ.

ಕೇಳುವವರಿದ್ದಾರೆಂದು ಆ ಹುಡುಗಿ ನಂಬಿರುತ್ತಾಳೆ. ಈಗ ಮತ್ತೆ ಕರೆಯುತ್ತಿದ್ದರೆ, ನನ್ನ ಕುರ್ಚಿಯಲ್ಲಿ ಕೂತವನು ಹಾಳೆಯಲ್ಲಿದ್ದುದನ್ನಷ್ಟೇ ಓದುತ್ತಿರುತ್ತಾನೆ…