ಕುದಿಸಿದ ನೀರಿಗೆ ಒಂದು ಉದ್ಧರಣೆ ಗಂಗೆ

೧೨ ಆಗಸ್ಟ್ ೧೯೨೬, ಗುರುವಾರ. ಪುಣೆ.

ಮಗಳು ಇಂದೂನ ಜ್ವರ ಇವತ್ತೂ ಇಳಿಯಲಿಲ್ಲ. ಟೈಫಾಯ್ಡಿಗೆ ಇದು ಮೂರನೆಯ ವಾರ. ನೀರು ಕುದಿಸಿಯೇ ಕೊಡಿ ಎಂದು ಡಾಕ್ಟರರು ಮತ್ತೆ ಹೇಳಿ ಹೋದರು. ಹದಿನೈದು ದಿನದಿಂದ ನಾನೇ ಕುದಿಸುತ್ತಿದ್ದೇನೆ. ಶಾಲೆಯಲ್ಲಿ ಹುಡುಗರಿಗೆ ಕ್ರಿಮಿಗಳ ಪಾಠ ಮಾಡುವವನು ನಾನು. ಮನೆಯಲ್ಲಿ ಅವ್ವನಿಗೂ ಅದೇ ಪಾಠ ಹೇಳಿದ್ದೆ.

ಸಂಜೆ ಕಣ್ಣಾರೆ ಕಂಡೆ. ಕುದಿಸಿ ಆರಿಸಿಟ್ಟ ನೀರಿಗೆ ಅವ್ವ ದೇವರ ಮುಂದಿನ ಗಿಂಡಿಯಿಂದ ಒಂದು ಉದ್ಧರಣೆ ಕಾಶಿಯ ಗಂಗೆ ಹಾಕಿದಳು.

"ಕುದಿಸಿದರ ನೀರಾಗಿನ ಜೀವ ಎಲ್ಲಾ ಸಾಯ್ತಾವ ಅಂತ ನೀನಽ ಹೇಳಿದಿ. ಸತ್ತ ನೀರು ಕೂಸಿಗೆ ಹೆಂಗ ಕೊಡ್ಲೋ? ದಿನಾ ಹಾಕತೀನಿ."

ರೇಗಬೇಕೆಂದಿದ್ದೆ. ಅಷ್ಟರಲ್ಲಿ ಅವಳು ನನ್ನ ಮುಖ ನೋಡಿ ಉದ್ಧರಣೆ ಚಮಚ ಕೆಳಗಿಟ್ಟಳು. "ಯಾಕೋ, ನನ್ನಿಂದನಽ ಜ್ವರ ಇಳೀವಲ್ದೇನು?"

"ಇಲ್ಲವ್ವ, ಗಂಗಾದಾಗ ಕ್ರಿಮಿ ಇರೂದಿಲ್ಲ" ಎಂದುಬಿಟ್ಟೆ.

ದಣಿವೋ ಹೇಡಿತನವೋ ತಿಳಿಯದು. ಈಗ ಒಳಗೆ ಇಂದೂ ನೀರು ಕೇಳುತ್ತಿದ್ದಾಳೆ. "ಬಂದೆ ನನ್ನವ್ವಾ" ಎನ್ನುತ್ತ ಅವ್ವ ಎದ್ದಳು. ಗಿಂಡಿಯ ಮುಚ್ಚಳ ತೆಗೆದ ಸದ್ದಾಯಿತು. ಇನ್ನು ಯಾವ ಬಾಯಿಂದ ಬೇಡವೆನ್ನಲಿ?