ರಾಕೆಟ್ ತಾತನ ಮುಖಪುಟ

ಮಾರ್ಚ್ ೧೪, ಗುರುವಾರ

ನಾವೆಲ್ಲ ರಾಕೆಟ್ ತಾತ ಎಂದು ಕರೆಯುವ ಹಿರಿಯ ಕಲಾವಿದರು ಐವತ್ತು ವರ್ಷದ ಹಿಂದೆ ಪತ್ರಿಕೆಯ ಮುಖಪುಟಕ್ಕೆ ಬರೆದ ಚಿತ್ರವನ್ನು ನಮ್ಮ ಗ್ಯಾಲರಿಯ ಪ್ರದರ್ಶನಕ್ಕೆಂದು ಇವತ್ತು ನಾನೇ ಶುಚಿ ಮಾಡಿದೆ. ಕಪ್ಪು ಆಕಾಶ, ಕೆಂಪು ರಾಕೆಟ್; ಎಷ್ಟು ನೋಡಿದರೂ ಸಾಲದು. ಹಲ್ಲುಜ್ಜುವ ಬ್ರಷ್ಷಿನಿಂದ ಚಿಮ್ಮಿಸಿದ ಬಿಳಿ ನಕ್ಷತ್ರಗಳನ್ನೆಲ್ಲ ಉಳಿಸಿದೆ. ಮೂಲೆಯ ಮಸುಕು ಕಲೆಯೊಂದನ್ನು ಮಾತ್ರ ಒದ್ದೆ ಹತ್ತಿಯಿಂದ ಒರೆಸಿದೆ.

ಸಂಜೆ ತಾತನ ಫೋನು. "ಮೂಲೇಲಿ ಒಂದು ನೀಲಿ ಚುಕ್ಕೆ ಇದೆ ನೋಡಮ್ಮ, ಅದೇ ಭೂಮಿ. ರಾಕೆಟ್ ಎಲ್ಲಿಗೋ ಹೊರಟಿದೆ ಅಂದ್ಕೋತಾರೆ ಎಲ್ಲರೂ. ಅದು ಮನೆಗೆ ವಾಪಸ್ ಬರ್ತಿರೋದು."

"ಹೌದು ತಾತ, ಚೆನ್ನಾಗಿ ಕಾಣ್ತಿದೆ" ಅಂದುಬಿಟ್ಟೆ. ನಾಲಿಗೆ ಹೇಗೆ ಹೊರಳಿತೋ!

ನಾಳೆ ಬೆಳಿಗ್ಗೆ ಹತ್ತಕ್ಕೆ ತಾತ ಚಿತ್ರ ನೋಡಲು ಬರುತ್ತಾರೆ. ನೀಲಿ ಬಣ್ಣ ನನ್ನ ಹತ್ತಿರವೂ ಇದೆ, ಹೊಸ ಚುಕ್ಕೆ ಇಡುವುದು ಅರೆಗಳಿಗೆಯ ಕೆಲಸ. ಆದರೆ ಕಸದ ಬುಟ್ಟಿಯಿಂದ ಆ ಹತ್ತಿಯನ್ನು ಹೆಕ್ಕಿ ಮನೆಗೆ ತಂದಿದ್ದೇನೆ. ಅದರ ತುದಿಯಲ್ಲಿ ಸಾಸಿವೆಯಷ್ಟು ನೀಲಿ.